ಆಯಿ ಎಲೆ ತೆಗೆದುಕೊಂಡಳು

ಲಂಕೆಯ ಹುಡುಗನೊಬ್ಬ ನಮ್ಮ ಮೇಲಿನ ಖೋಲಿಗೆ ಬಾಡಿಗೆಗೆ ಬರುತ್ತಾನೆಂದು ಗೊತ್ತಾದ ದಿನ ಜೇವರ್ಗಿ ಕಾಲೋನಿಯ ನಮ್ಮ ಓಣಿಯ ಮಕ್ಕಳೆಲ್ಲ ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ. ಅದು ಯಾವುದೆಂದು ನಾನು ಬಾಯಿಬಿಟ್ಟು ಹೇಳಬೇಕಾಗಿಲ್ಲ. "ಒಂದೇ ತಲಿ ಅದ, ಅದಕ್ಕೂ ಎಣ್ಣಿ ಹಚ್ಚಿ ಬೈತಲಿ ತಗದಾನ, ಹೋಗ್ರಿ" ಎಂದು ಹೇಳಿ ಹೇಳಿ ನನಗೆ ಸಾಕಾಯಿತು. ಅವನ ದೇಶದಲ್ಲಿ ಏನೋ ಗದ್ದಲವೆದ್ದು ಕಾಲೇಜುಗಳಿಗೆಲ್ಲ ಬೀಗ ಬಿದ್ದಿತ್ತಂತೆ, ಅದಕ್ಕೇ ಇಂಜಿನಿಯರಿಂಗ್ ಓದಲು ಇಷ್ಟು ದೂರ ಬಂದಿದ್ದ. ಅಪ್ಪ ಅವನಿಗೇ ಖೋಲಿ ಕೊಟ್ಟದ್ದಕ್ಕೆ ಬೇರೆ ಕಾರಣವಿತ್ತು. ಹಿಂದಿನ ಬಾಡಿಗೆಯವರಿಗೆ ಬೀದರಿನಿಂದ, ಸೇಡಮ್ಮಿನಿಂದ, ಸೊಲ್ಲಾಪುರದಿಂದ ನೆಂಟರೋ ನೆಂಟರು. ನಮ್ಮ ಹೌದಿನ, ಅಂದರೆ ತೊಟ್ಟಿಯ, ನೀರು ಅವರ ಸ್ನಾನಕ್ಕೇ ಮುಗಿಯುತ್ತಿತ್ತು. "ಸಮುದ್ರ ದಾಟಿ ಯಾವ ಬೀಗರು ಬರ್ತಾರ ಹೇಳು" ಎಂದು ಅಪ್ಪ ಅವ್ವನನ್ನು ಒಪ್ಪಿಸಿದ. ಹುಡುಗ ಒಂದು ಟ್ರಂಕು ಹೊತ್ತುಕೊಂಡು ಬಂದ, ಹೆಸರು ಸುನಿಲ ಎಂದ. ಅವ್ವನಿಗೆ ಭಾರಿ ನಿರಾಸೆಯಾಯಿತು. ನಮ್ಮ ಹಿಂದುಗಡೆಯ ಮನೆಯಲ್ಲೂ ಒಬ್ಬ ಸುನಿಲನಿದ್ದ, ದಿನಾ ನಮ್ಮ ಅಂಗಳಕ್ಕೆ ಚೆಂಡು ಒಗೆಯುತ್ತಿದ್ದ. ಅಷ್ಟು ದೂರದಿಂದ ಬಂದವನಿಗೆ ಬೇರೆ ಹೆಸರು ಸಿಗಲಿಲ್ಲವೇ ಎಂದು ಅವ್ವ ವಾರಗಟ್ಟಲೆ ಗೊಣಗಿದಳು.

ಅವನನ್ನು ಹತ್ತು ತಲೆಯ ಪ್ರಶ್ನೆ ಕೇಳದವಳೆಂದರೆ ಆಯಿ ಒಬ್ಬಳೇ. ಆಯಿ ಎಂದರೆ ಅಪ್ಪನ ತಾಯಿ. ಕಮಲಾಪುರದಲ್ಲಿ ದೊಡ್ಡಪ್ಪನ ಜೊತೆ, ಬಾಳೆಯ ತೋಟದ ನಡುವೆ ಇರುತ್ತಿದ್ದಳು. ಕಲಬುರಗಿಗೆ ಬರುತ್ತಿದ್ದುದು ಕಸ್ತೂರಿ ಅತ್ತಿಯನ್ನು ನೋಡಲು ಗಂಡಿನವರು ಬಂದಾಗ ಮಾತ್ರ, ಹಾಗಾಗಿ ಮೇಲಿಂದ ಮೇಲೆ ಬರುತ್ತಿದ್ದಳು. ಕಸ್ತೂರಿ ಅತ್ತಿ ಅಪ್ಪನ ಕೊನೆಯ ತಂಗಿ. ನಮ್ಮ ಮನೆಯಲ್ಲಿದ್ದುಕೊಂಡು ಕನ್ನಡ ಶಾಲೆಯಲ್ಲಿ ಪಾಠ ಹೇಳುತ್ತಿದ್ದಳು. ಬೆಳ್ಳಗೆ, ಉದ್ದ ಜಡೆ, ನಕ್ಕರೆ ಇಡೀ ಓಣಿಗೆ ಕೇಳಬೇಕು. ಎಲ್ಲ ಚೆನ್ನಾಗಿತ್ತು, ಹುಟ್ಟಿದ ನಕ್ಷತ್ರವೊಂದು ಮೂಲಾ ಆಗಿತ್ತು. ಮೂಲಾ ನಕ್ಷತ್ರದ ಸೊಸೆ ಕಾಲಿಟ್ಟರೆ ಮಾವ ಉಳಿಯುವುದಿಲ್ಲವಂತೆ. ಯಾವ ಗಂಡಿನ ಅಪ್ಪನಾದರೂ ಏನು ಮಾಡಿಯಾನು, ಅವನಿಗೂ ಜೀವದ ಆಸೆ ಇರುತ್ತದಲ್ಲ! ಬಂದವರು ಅವಲಕ್ಕಿ ತಿಂದು, ಚಹಾ ಕುಡಿದು, ನಕ್ಷತ್ರ ಕೇಳಿ ಎದ್ದು ಹೋಗುತ್ತಿದ್ದರು. ಕೊನೆಗೆ ಆಯಿ ತಂದೆ ಇಲ್ಲದ ಗಂಡನ್ನೇ ಹುಡುಕತೊಡಗಿದಳು. ಹರೆಯದ ಗಂಡಸರು ಯಾರೇ ಕಣ್ಣಿಗೆ ಬಿದ್ದರೂ, ಬಸ್ಸಿನ ಕಂಡಕ್ಟರನಾದರೂ ಸರಿ, ಆಯಿಯ ಮೊದಲ ಪ್ರಶ್ನೆ ಒಂದೇ.

"ನಿಮ್ಮಪ್ಪ ಅದಾನೇನೋ ತಮ್ಮಾ?"

ಇದ್ದಾನೆ, ಗಟ್ಟಿಮುಟ್ಟಾಗಿದ್ದಾನೆ ಎಂದರೆ "ಇರ್ಲಿ ಬಿಡು" ಎಂದು ಮುಖ ತಿರುಗಿಸುತ್ತಿದ್ದಳು. ಸುನಿಲನನ್ನೂ ಕೇಳಿದಳು. ಅವನಿಗಾಗ ಕನ್ನಡ ಬರುತ್ತಿರಲಿಲ್ಲ, ಅತ್ತಿ ಇಂಗ್ಲಿಷಿನಲ್ಲಿ ಹೇಳಬೇಕಾಯಿತು. ಹೇಳುವಾಗ ನಾಚಿಕೆಯಿಂದ ಅರ್ಧ ನುಂಗಿದಳು. ತಾನು ಸಣ್ಣವನಿದ್ದಾಗಲೇ ಅಪ್ಪ ಹೋದ, ಅವ್ವನೇ ಸಾಕಿದಳು ಎಂದ. "ಅಯ್ಯ ಪಾಪ!" ಎಂದಳು ಆಯಿ. ಮರುಗಳಿಗೆಗೇ ಅವನಿಗೆ ಇನ್ನೊಂದು ರೊಟ್ಟಿ ಬಡಿಸಲು ಅವ್ವನಿಗೆ ಹೇಳಿದಳು.

ಅತ್ತಿಯೇ ಅವನಿಗೆ ಕನ್ನಡ ಕಲಿಸಿದಳು. ಸಂಜೆ ಪಡಸಾಲೆಯಲ್ಲಿ ನಾನು ಒಂದು ಕಡೆ ಮಗ್ಗಿ ಬರೆಯುವುದು, ಅವನು ಇನ್ನೊಂದು ಕಡೆ ಕಾಗುಣಿತ ಬರೆಯುವುದು. ನನಗಿಂತ ಅವನ ಅಕ್ಷರ ದುಂಡಗಿತ್ತು. ಅವರ ಲಿಪಿಯೇ ಹಾಗೆ, ಎಲ್ಲ ಸುರುಳಿ ಸುರುಳಿ. ಅತ್ತಿಯನ್ನು "ಟೀಚರ್" ಎನ್ನುತ್ತಿದ್ದ. ಹೆಚ್ಚುಕಡಿಮೆ ಅವಳ ಓರಗೆಯವನೇ. ಆಯಿಯ ಜೊತೆ ಅವನ ಮೊದಲ ಜಗಳವೂ ಆ ಪಡಸಾಲೆಯಲ್ಲೇ ಆಯಿತು. ಆಯಿ ಕಮಲಾಪುರದಿಂದ ಬುಟ್ಟಿ ತುಂಬ ಕೆಂಪು ಬಾಳೆಹಣ್ಣು ತಂದಿದ್ದಳು. ಆ ಹಣ್ಣು ನಮ್ಮ ಮನೆತನದ ಜಂಬ. ಗವರ್ನರನಿಗೆ ಕೊಟ್ಟ ಹಾಗೆ ಒಂದು ಹಣ್ಣು ಅವನ ಕೈಗಿಟ್ಟಳು. ಅವನು ಹಣ್ಣು ನೋಡಿ ಕುಣಿದೇಬಿಟ್ಟ.

"ಆಯೀ, ಇದು ನಮ್ಮ ಮನಿ ಹಿಂದ ಅದ!"

"ಸುಳ್ಳ ಹೇಳಬ್ಯಾಡ ತಮ್ಮಾ. ಕಮಲಾಪುರ ಬಿಟ್ರ ಈ ಹಣ್ಣು ಭೂಮಿ ಮ್ಯಾಲ ಎಲ್ಲೂ ಇಲ್ಲ."

"ಖರೇ ಆಯಿ. ಕೆಂಪಂದು. ದಪ್ಪಂದು. ನಮ್ಮವ್ವ ಬೆಳಸ್ಯಾಳ."

"ಹಂಗಾದ್ರ ಯಾರರೆ ನಮ್ಮ ಕಡಿಂದ ಕದ್ದು ಒಯ್ದಿರಬೇಕು."

ಆಯಿಗೆ ಸಿಟ್ಟು ಬಂದದ್ದು ಅವನಿಗೆ ತಿಳಿಯಿತು. ಕಣ್ಣು ಮುಚ್ಚಿ ಹಣ್ಣನ್ನು ನಿಧಾನವಾಗಿ ತಿಂದ. ತಿಂದು, "ನಮ್ದು ಜರಾ ಹುಳಿ" ಎಂದ.

"ಹಾಂ, ಹಂಗ ದಾರಿಗೆ ಬಾ! ಬಾಳಿ ಗಿಡದ ಕಂದು ಒಯ್ದಾರ, ಮಣ್ಣು ಒಯ್ಯೋದು ಮರತಾರ."

ಅವರದೇನೂ ಹುಳಿ ಇರಲಿಲ್ಲವಂತೆ, ಮುದುಕಿ ನೊಂದುಕೊಳ್ಳಬಾರದು ಎಂದು ಹಾಗೆ ಹೇಳಿದನಂತೆ. ಇದನ್ನು ಅತ್ತಿ ಅಡುಗೆಮನೆಯಲ್ಲಿ ಅವ್ವನಿಗೆ ಹೇಳುತ್ತ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಆಮೇಲೂ ಆಗಾಗ, ಯಾರೂ ಕೇಳದಿದ್ದರೂ, ಅದೇ ಮಾತು ತೆಗೆದು ನಗುತ್ತಿದ್ದಳು.

ಅವನು ನಮ್ಮವನೋ ಅಲ್ಲವೋ ಎಂಬುದು ನಮ್ಮ ಮನೆಯಲ್ಲಿ ದಿನಕ್ಕೊಮ್ಮೆ ತೀರ್ಮಾನವಾಗಿ ಮತ್ತೆ ಕೆಡುತ್ತಿತ್ತು. ಹುಣ್ಣಿಮೆಗೆ ಬಿಳಿ ಬಟ್ಟೆ ಉಟ್ಟು ಉಪವಾಸ ಮಾಡುತ್ತಿದ್ದ, ಆಗ ನಮ್ಮವನು. ಅವನ ಅವ್ವ ಊರಿನಿಂದ ಕಳಿಸಿದ ಬಾಟಲಿಯಲ್ಲಿ ಒಣಮೀನು ಕುಟ್ಟಿ ಹಾಕಿದ ಖಾರ ಇರುತ್ತಿತ್ತು; ಆಗ ಅಲ್ಲ. ಆ ಬಾಟಲಿ ಮೆಟ್ಟಿಲು ಇಳಿಯಬಾರದು ಎಂದು ಅವ್ವ ಕಟ್ಟಪ್ಪಣೆ ಮಾಡಿದಳು, ಅದು ಇಳಿಯಲಿಲ್ಲ. ನಮ್ಮದು ಶೇಂಗಾ, ಎಳ್ಳು, ಅಗಸೆಯ ನಾಲಿಗೆ. ಅವನು ಬೇಳೆಗೂ ತೆಂಗಿನಕಾಯಿಯ ಹಾಲು ಹಿಂಡುತ್ತಿದ್ದ. "ಕಾಯಿ ಅಂದ್ರ ದೇವರಿಗಿ ಒಡಿಯೂದು, ಇವ ಬ್ಯಾಳಿಗಿ ಒಡಿತಾನ" ಎಂದು ಅವ್ವ ಹಣೆ ಬಡಿದುಕೊಳ್ಳುತ್ತಿದ್ದಳು. ಆಯಿಯದು ಇನ್ನೂ ದೊಡ್ಡ ಚಿಂತೆ. "ಹುಣ್ಣಿಮಿ ಹಿಡಿತಾನ, ಮೀನ ತಿಂತಾನ. ಇವನ್ನ ಯಾವ ಸಾಲಿನ್ಯಾಗ ಊಟಕ್ಕ ಕೂಡಸ್ಲಿ?" ಕೊನೆಗೆ ಅವನನ್ನು ನನ್ನ ಪಕ್ಕ ಕೂರಿಸುತ್ತಿದ್ದರು, ಮಕ್ಕಳ ಸಾಲಿನಲ್ಲಿ ಎಲ್ಲ ನಡೆಯುತ್ತದೆಂದು. ಅಲ್ಲಿಯ ಅಂತರ್ಯುದ್ಧ ನಿಲ್ಲಿಸಲೆಂದು ಹೋದ ನಮ್ಮ ದೇಶದ ಸೈನಿಕರು ಆಗ ಅವನ ದೇಶದೊಳಗೆ ಇದ್ದರು. ಸಂಜೆಯ ರೇಡಿಯೋ ಸಮಾಚಾರಕ್ಕೆ ಅವನೂ ಬಂದು ಕೂರುತ್ತಿದ್ದ. ಒಂದು ದಿನ ಸುದ್ದಿ ಚೆನ್ನಾಗಿರಲಿಲ್ಲ, ಎರಡೂ ಕಡೆ ಜನ ಸತ್ತಿದ್ದರು. ಅವನು ನೆಲ ನೋಡಿದ, ಅಪ್ಪ ಗೋಡೆ ನೋಡಿದ.

"ನಿಮ್ಮನ್ನ ನಾವು ಕರದಿಲ್ಲ ಸರ್," ಎಂದ ಸುನಿಲ, ಮೆಲ್ಲಗೆ.

"ನಾನೂ ಯಾರನ್ನೂ ಕಳಸಿಲ್ಲಪ್ಪ," ಎಂದ ಅಪ್ಪ.

ಅವ್ವ ಎದ್ದು ಇಬ್ಬರಿಗೂ ಚಹಾ ಮಾಡಿದಳು. ಅವತ್ತಿನಿಂದ ಸಮಾಚಾರದ ಹೊತ್ತಿಗೆ ಅಪ್ಪ ಗಿಡಗಳಿಗೆ ನೀರು ಹಾಕುವುದನ್ನು ರೂಢಿ ಮಾಡಿಕೊಂಡ.

ಯುಗಾದಿಯ ಬೇವುಬೆಲ್ಲ ತಿಂದು ಎರಡು ವಾರ ಕಳೆದಿರಬೇಕು, ಬಿಸಿಲು ಕಾದ ಹಂಚಾಗಿತ್ತು. ಮಹಾಗಾಂವದಿಂದ ಆಯಿಯ ಅಣ್ಣ ಬಂದಿದ್ದರು. ಅವರನ್ನು ನಾವು ಮಹಾಗಾಂವದ ಮುತ್ತ್ಯಾ ಎನ್ನುತ್ತಿದ್ದೆವು. ಅತ್ತಿಗೆ ಒಂದು ಸಂಬಂಧ ತಂದಿದ್ದರು.

"ಗಂಡಿಗೆ ಅಪ್ಪ ಇಲ್ಲ, ಮೊದಲಽ ಹೇಳ್ತೀನಿ. ಮೊದಲನೇ ಹೆಣ್ತಿ ತೀರಿ ವರ್ಷಾತು. ಎರಡು ಮಕ್ಕಳದಾವ, ದೊಡ್ಡವದಾವ, ತ್ರಾಸಿಲ್ಲ. ಇವತ್ತ ಹೂಂ ಅಂದ್ರ ನಾಳಿಗೆ ಎಲಿ ಅಡಕಿ ತರ್ತಾರ."

ನಮ್ಮ ಮನೆತನದಲ್ಲಿ ಜಾತಕ, ಕಾಗದ ಎಲ್ಲ ಆಮೇಲೆ. ಗಂಡಿನ ಕಡೆಯವರು ಎಲೆ ತಂದು ಹೆಣ್ಣಿನ ತಾಯಿಯ ಮುಂದೆ ಹಿಡಿಯಬೇಕು, ಆಕೆ ಉಡಿಯೊಡ್ಡಿ ತೆಗೆದುಕೊಂಡರೆ ಮಾತು ಮುಗಿಯಿತು. ಅದನ್ನು ತಿರುಗಿಸಿ ಕೊಟ್ಟವರಿಲ್ಲ. ಅಪ್ಪನಿಗೆ ಈ ಸಂಬಂಧ ಇಷ್ಟವಿರಲಿಲ್ಲ, ಆದರೆ ಬೇಡವೆನ್ನುವ ಧೈರ್ಯವೂ ಇರಲಿಲ್ಲ. ತಂಗಿಯ ವಯಸ್ಸು ನಿಲ್ಲುತ್ತದೆಯೇ? ಆಯಿ ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ, ಮೊಣಕಾಲು ತಿಕ್ಕಿಕೊಳ್ಳುತ್ತ ಕುಳಿತಿದ್ದಳು. ಅತ್ತಿ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಿದ್ದಳು. ಆ ಎರಡು ಮಕ್ಕಳ ಅಪ್ಪನಿಗೆ ಅವಳು ಹೋಗುವುದು ನಿಶ್ಚಯವೆಂದು ನನಗೂ ಅನಿಸಿತು. ಅದನ್ನು ನೋಡಲಾರದೆ ಮೇಲೆ ಹೋದೆ. ಸುನಿಲ ಸ್ಟೋ ಮುಂದೆ ಕುಳಿತು ಗಡಿಯಾರ ನೋಡುತ್ತಿದ್ದ, ಹಾಲು ಉಕ್ಕಿ ಚೆಲ್ಲುತ್ತಿತ್ತು. ಆರಿಸಲು ಹೋದರೆ ತಡೆದ, ನಗುತ್ತ. ನಾನು ಕೆಳಗೆ ಓಡಿ ಬಂದು ಹೇಳಿದೆ.

"ಅವ್ವಾ, ಅವ ಬೇಕಂತ ಹಾಲು ಉಕ್ಕಸಾಕತ್ತಾನ!"

"ಹೊಸಾ ಮನಿ ಹೊಕ್ಕವರಂಗ?" ಎಂದಳು ಅವ್ವ.

ಸ್ವಲ್ಪ ಹೊತ್ತಿಗೆ ಅವನೇ ಇಳಿದು ಬಂದ. ತಲೆಗೆ ಸ್ನಾನ ಮಾಡಿ ಬಿಳಿ ಅಂಗಿ ತೊಟ್ಟಿದ್ದ. ಬೊಗಸೆಯಲ್ಲಿ ವೀಳ್ಯದೆಲೆಯ ಕಟ್ಟು. ಮುತ್ತ್ಯಾನಿಗೆ ತಲೆಬಾಗಿ, ನೆಟ್ಟಗೆ ಆಯಿಯ ಮುಂದೆ ಹೋಗಿ ಎರಡೂ ಮೊಣಕಾಲೂರಿ ಕುಳಿತು, ಎಲೆಯ ಕಟ್ಟನ್ನು ಎರಡೂ ಕೈಯಿಂದ ಅವಳ ಮುಂದೆ ಹಿಡಿದ. ಅವನ ಭಾಷೆಯಲ್ಲಿ ಏನೋ ಹೇಳಿದ. ಆಯಿ ತಲೆ ಎತ್ತಿ ಒಮ್ಮೆ ಬಾಗಿಲ ಕಡೆ ನೋಡಿದಳು. ಆಮೇಲೆ ಸೆರಗು ಬಿಡಿಸಿ ಉಡಿಯೊಡ್ಡಿ ಎಲೆ ತೆಗೆದುಕೊಂಡಳು. ಅವನು ಹಣೆ ನೆಲಕ್ಕೆ ತಾಗಿಸಿದ, ಅವಳು ಅವನ ತಲೆಯ ಮೇಲೆ ಕೈಯಿಟ್ಟು "ನೂರು ವರ್ಷ ಬಾಳಪ್ಪ" ಎಂದಳು. ಅವನು ಎದ್ದು ಇನ್ನೊಂದು ಕಟ್ಟನ್ನು ಅಪ್ಪನ ಮುಂದೆ ಹಿಡಿದ. ಅಪ್ಪ ಕೈ ಹಿಂದಕ್ಕೆಳೆದುಕೊಂಡ. ಸುನಿಲನ ಮುಖ ಸಪ್ಪೆಯಾಯಿತು. ಎಲೆಯನ್ನು ಟೀಪಾಯಿಯ ಮೇಲಿಟ್ಟು, ಕಾಯಿಹಾಲಿನಲ್ಲಿ ಬೇಯಿಸಿ ತುಂಡು ಕೊಯ್ದ ಅನ್ನದ ತಟ್ಟೆಯನ್ನು ಅತ್ತಿಯ ಕೈಗೆ ಕೊಟ್ಟು, ತನ್ನ ದೇಶದ ಗೆಳೆಯರ ಮನೆಗೆ ಊಟಕ್ಕೆಂದು ಸೈಕಲ್ ಹತ್ತಿ ಹೋದ.

ಆಮೇಲೆ ಕೇಳಬೇಕೆ! ಅಂಗಡಿ ಬಜಾರೇ ನಮ್ಮ ಪಡಸಾಲೆಗೆ ಬಂದಂತಾಯಿತು.

"ಏ ತಂಗೀ, ಏನ ತಗೊಂಡಿ ಅಂತ ಖಬರ್ ಅದನೇನು ನಿನಗ? ನಾ ಸಂಬಂಧ ತಂದು ಎದುರಿಗೆ ಕುಂತೀನಿ, ನೀ ಯಾವನೋ ಪರದೇಶಿ ಕೈಯಾಗಿನ ಎಲಿ ಉಡಿಗಿ ಹಾಕ್ಕೊಂತಿ!"

"ಸಂಜಿಗೆ ಬರ್ಲಿ ಅವ, ಟ್ರಂಕು ಹೊರಗ ಒಗಿತೀನಿ" ಎಂದು ಅಪ್ಪ ಗುಡುಗಿದ. "ಹೊತ್ತೊತ್ತಿಗೆ ರೊಟ್ಟಿ ಹಾಕಿದ್ದಕ್ಕ ಇದೇನು?"

"ಉಡಿಯಾಗ ಬಿದ್ದದ್ದು ನಾ ಹೊರಗ ಚೆಲ್ಲೂದಿಲ್ಲ" ಎಂದಳು ಆಯಿ. ಮುತ್ತ್ಯಾ ಟವೆಲ್ ಕೊಡವಿಕೊಂಡು ಊರೊಳಗಿನ ನೆಂಟರ ಮನೆಗೆ ನಡೆದುಬಿಟ್ಟರು.

ನಾನು ಅಡುಗೆಮನೆಗೆ ಹೋದೆ. ಅತ್ತಿ ಒಲೆಯ ಕಟ್ಟೆಗೆ ಒರಗಿ ನೆಲದ ಮೇಲೆ ಕುಳಿತು ಆ ಅನ್ನದ ತುಂಡನ್ನು ಸ್ವಲ್ಪ ಸ್ವಲ್ಪವೇ ಮುರಿದು ತಿನ್ನುತ್ತಿದ್ದಳು. ಹೊರಗೆ ಅಷ್ಟು ಗದ್ದಲ, ಇವಳ ಮುಖದಲ್ಲಿ ಬೇರೆಯೇ ಏನೋ. "ಗೌರೀ, ನಿನ್ನ ಭೂಪಟದ ಪುಸ್ತಕ ತಾ" ಎಂದಳು. ತಂದುಕೊಟ್ಟೆ. ನಮ್ಮ ದೇಶದ ತುದಿಗೂ ಅವನ ದೇಶಕ್ಕೂ ನಡುವಿನ ನೀಲಿಯ ಮೇಲೆ ಕಿರುಬೆರಳಿಟ್ಟಳು. ನೀಲಿ ಮುಚ್ಚಿಹೋಯಿತು.

"ನೋಡು, ಉಗುರಿನಷ್ಟೂ ನೀರಿಲ್ಲ. ಕಮಲಾಪುರದ ಬಸ್ ದಾರ್ಯಾಗ ಕೆಟ್ಟು ನಿಂತ್ರ ಇದಕ್ಕಿಂತ ಹೆಚ್ಚು ಹೊತ್ತು ಹಿಡಿತದ."

"ಅತ್ತಿ, ನೀ ಅಲ್ಲಿಗಿ ಹೋಗ್ತಿ?"

"ಹುಚ್ಚಿ" ಎಂದಳು. ಆದರೆ ಪುಸ್ತಕ ಮುಚ್ಚಲಿಲ್ಲ. ಅಲ್ಲಿ ಜೋಳ ಬೆಳೆಯುತ್ತಾರೋ ಇಲ್ಲವೋ, ಅಲ್ಲಿಯ ಶಾಲೆಗಳಲ್ಲಿ ಯಾವ ಭಾಷೆಯೋ, ಅವನ ಅವ್ವನ ಜೊತೆ ಏನು ಮಾತಾಡುವುದೋ ಎಂದು ನನ್ನನ್ನು ಕೇಳಿದಳು, ನನಗೆ ಎಲ್ಲ ಗೊತ್ತಿದೆಯೇನೋ ಎಂಬಂತೆ. ಮಧ್ಯಾಹ್ನ ತಲೆಗೆ ಎಣ್ಣೆ ಹಚ್ಚಿಕೊಂಡು ಹೊಸದಾಗಿ ಜಡೆ ಹಾಕಿಕೊಂಡಳು. ನಾನು ಅವಳ ಬೆನ್ನ ಹಿಂದೆಯೇ ಸುತ್ತಿದೆ. ನಮ್ಮ ಅತ್ತಿ ಹಡಗಿನಲ್ಲಿ ಹೋಗುತ್ತಾಳೆಂದು ಓಣಿಯವರಿಗೆ ಹೇಳಲು ನನ್ನ ನಾಲಿಗೆ ತುರಿಸುತ್ತಿತ್ತು, ಹೇಗೋ ತಡೆದುಕೊಂಡೆ.

ಸಂಜೆ ಸೈಕಲ್ಲಿನ ಸಪ್ಪಳ ಕೇಳಿದ್ದೇ ಅಪ್ಪ ಮೆಟ್ಟಿಲಿಗೆ ಅಡ್ಡ ನಿಂತ. ನಾವೆಲ್ಲ ಪಡಸಾಲೆಯ ಬಾಗಿಲಲ್ಲಿದ್ದೆವು.

"ಬೆಳಿಗ್ಗೆ ಎಲಿ ಯಾಕ ಕೊಟ್ಟಿ? ಸೀದಾ ಹೇಳು."

ಸುನಿಲ ಗಾಬರಿಯಾದ. "ಹೊಸಾ ವರ್ಷ ಸರ್. ನಿಮ್ಮದು ಮೊದಲಽ ಆತಲ್ಲ, ನಮ್ಮದು ಇವತ್ತ. ನಮ್ಮ ಊರಾಗ ಇವತ್ತ ಗಳಿಗಿ ನೋಡಿ ಹಾಲು ಉಕ್ಕಸ್ತಾರ, ಮಕ್ಕಳು ಅವ್ವಗ ಎಲಿ ಕೊಟ್ಟು ಕಾಲಿಗಿ ಬೀಳ್ತಾರ. ವರ್ಷದಾಗ ಏನರೆ ತಪ್ಪು ಮಾಡಿದ್ರ ಮಾಫ್ ಮಾಡು ಅಂತ ಕೇಳ್ತಾರ. ನಮ್ಮವ್ವ ಇಲ್ಲಿಲ್ಲ. ಆಯಿ ಅದಾರ."

ಅಪ್ಪನ ಸಿಟ್ಟು ಅಲ್ಲೇ ಕೂತುಬಿಟ್ಟಿತು. "ಅಲ್ಲೋ ತಮ್ಮಾ, ನಮ್ಮ ಮನ್ಯಾಗ ಎಲಿ ಹಿಡಕೊಂಡು ಬರೋರು ಹೆಣ್ಣು ಕೇಳಾಕ ಬರ್ತಾರೋ! ನೀ ನೋಡಿದ್ರ ಬಿಳಿ ಅಂಗಿ ಹಾಕ್ಕೊಂಡು, ಹಾಲು ಉಕ್ಕಿಸಿ..."

ಅವ್ವ ಕಿಸಕ್ಕೆಂದಳು, ಅಪ್ಪನೂ ನಕ್ಕ. ಸುನಿಲ ಕಿವಿಯ ತನಕ ಕೆಂಪಾದ. ಯಾರನ್ನು ಕೇಳಿದಂತಾಯಿತೆಂದು ಹೊಳೆದ ಮೇಲೆ ಅತ್ತಿಯ ಕಡೆ ತಿರುಗಿ ಕೈಮುಗಿದ.

"ಮಾಫ್ ಮಾಡ್ರಿ, ಅಕ್ಕಾ."

ಅಲ್ಲಿಯ ತನಕ ಟೀಚರ್ ಎನ್ನುತ್ತಿದ್ದವನು. "ಅಯ್ಯ, ಅದಕ್ಕೇನಾತ್ರಿ! ಚಹಾ ಕುಡೀರಿ" ಎಂದಳು ಅತ್ತಿ, ಓಣಿಗೆಲ್ಲ ಕೇಳುವ ಹಾಗೆ ನಕ್ಕಳು, ನಕ್ಕು ಒಳಗೆ ಹೋದಳು. ಅಪ್ಪ ಟೀಪಾಯಿಯ ಮೇಲಿದ್ದ ಬಾಡಿದ ಎಲೆಯನ್ನು ತಾನೇ ಎತ್ತಿ ಕಣ್ಣಿಗೊತ್ತಿಕೊಂಡು "ಮಾಫ್ ನಾನೇ ಕೇಳ್ಬೇಕಪ್ಪ" ಎಂದ. ಎಲ್ಲರೂ ಹಗುರಾದರು. ನನಗೆ ಮಾತ್ರ ಅಳು ಬಂತು, ಹೌದಿನ ಹಿಂದೆ ಹೋಗಿ ಅತ್ತುಬಿಟ್ಟೆ. ಅವನ ಮೇಲೆ ಸಿಟ್ಟು ಮಾಡೋಣವೆಂದರೆ ಅವನದೇನು ತಪ್ಪು? ತನ್ನ ಅವ್ವನಿಗೆ ಕೊಡುವ ಗೌರವವನ್ನು ನಮ್ಮ ಆಯಿಗೆ ಕೊಟ್ಟಿದ್ದ. ನಮ್ಮಲ್ಲೂ ಅದೇ ಎಲೆ, ಅದೇ ಮಣಿಯುವುದು, ಅದೇ ಉಕ್ಕುವ ಹಾಲು. ಎಲ್ಲ ಒಂದೇ ಇದ್ದುದರಿಂದಲೇ ನಾವು ಹೀಗೆ ಎಡವಿದೆವು. ಪೂರಾ ಬೇರೆಯಾಗಿದ್ದರೆ ಇದೇನೆಂದು ಯಾರಾದರೂ ಅಲ್ಲೇ ಕೇಳುತ್ತಿದ್ದರು.

ಮರುದಿನ ಬೆಳಿಗ್ಗೆ ಮಹಾಗಾಂವಕ್ಕೆ ಹೊರಟ ಮುತ್ತ್ಯಾ ನಮ್ಮಲ್ಲಿಗೆ ಬಂದರು. ಸುದ್ದಿ ಮುಟ್ಟಿತ್ತು, ಮುಖ ಅರಳಿತ್ತು.

"ಹಂಗಾದ್ರ ಆ ಎಲಿ ಲೆಕ್ಕಕ್ಕಿಲ್ಲ. ಈಗರೆ ಹೂಂ ಅನ್ನು ತಂಗೀ, ಅವರು ಕಾಯಾಕತ್ತಾರ."

"ಇಲ್ಲಣ್ಣಾ, ಆಗೂದಿಲ್ಲ. ನಾ ಎಲಿ ತಗೊಂಡೀನಿ."

"ಅದು ಹೆಣ್ಣು ಕೇಳಿದ ಎಲಿ ಅಲ್ಲಬೇ! ಅವನಽ ಹೇಳ್ಯಾನ."

"ಕೊಟ್ಟಿದ್ದು ಅವರ ದೇಶದ ಪದ್ಧತಿ, ತಗೊಂಡಿದ್ದು ನಮ್ಮ ಮನಿ ಪದ್ಧತಿ. ಒಮ್ಮೆ ಉಡಿ ಒಡ್ಡಿದ ಮ್ಯಾಲ ಅದಽ ವರ್ಷ ಇನ್ನೊಬ್ಬರ ಮುಂದ ಒಡ್ಡೂದಿಲ್ಲ. ಆ ಎರಡು ಮಕ್ಕಳ ಅಪ್ಪಗ ಬ್ಯಾರೆ ಹೆಣ್ಣು ನೋಡು."

ಹೀಗೊಂದು ಕಟ್ಟಳೆ ನಮ್ಮ ಮನೆತನದಲ್ಲಿ ಇತ್ತೆಂದು ಅಪ್ಪನಿಗೂ ಅವತ್ತೇ ಗೊತ್ತಾದದ್ದು. ಮುತ್ತ್ಯಾ ಬಹಳ ಹೊತ್ತು ವಾದಿಸಿದರು. ಆಯಿ ಮೊಣಕಾಲು ತಿಕ್ಕಿಕೊಳ್ಳುತ್ತ ಕೇಳಿದಳು, ಕೇಳಿ, ಹೊತ್ತಾಯಿತು, ಬಸ್ಸು ತಪ್ಪುತ್ತದೆ ಎಂದಳು.

ಸುನಿಲ ಓದು ಮುಗಿಯುವ ತನಕ ನಮ್ಮಲ್ಲೇ ಇದ್ದ. ಪ್ರತಿ ವರ್ಷ ಆಯಿಗೆ ಎಲೆ ಕೊಟ್ಟ, ಅತ್ತಿಯ ಮದುವೆಯಲ್ಲಿ ತಮ್ಮನ ಹಾಗೆ ಅಕ್ಕಿಮೂಟೆ ಹೊತ್ತ. ಹೌದು, ಅತ್ತಿಗೆ ಮದುವೆಯಾಯಿತು. ನಕ್ಷತ್ರ ಗಿಕ್ಷತ್ರ ನಾ ನಂಬಲ್ಲ ಎನ್ನುವ ಮಾವನೊಬ್ಬ ಕೊನೆಗೂ ಸಿಕ್ಕ, ಮೇಷ್ಟ್ರೊಬ್ಬನ ಅಪ್ಪ. ಆ ಮಾವ ಅತ್ತಿಯ ಕೈಯ ರೊಟ್ಟಿ ತಿಂದು ತೊಂಬತ್ತು ದಾಟುವ ತನಕ ಬದುಕಿದ. ಅತ್ತಿಯೂ ಸುಖವಾಗಿಯೇ ಬಾಳಿದಳು, ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಆ ದಿನಗಳನ್ನು ನೆನೆದರೆ ನನಗೆ ಮೊದಲು ಬರುವುದು ಮುತ್ತ್ಯಾ ಹೋದ ಮಧ್ಯಾಹ್ನ. ಹಿತ್ತಲಿನ ನೆರಳಲ್ಲಿ ಆಯಿ, ಅತ್ತಿ ಇಬ್ಬರೂ ತೊಗರಿಬೇಳೆ ಹಸನು ಮಾಡುತ್ತಿದ್ದರು, ನಾನು ಪಕ್ಕದಲ್ಲಿ ಹರಳು ಆರಿಸುವ ನೆಪದಲ್ಲಿ ಕುಳಿತಿದ್ದೆ. ಅತ್ತಿ ಮೊರದಿಂದ ತಲೆ ಎತ್ತದೆ ಕೇಳಿದಳು.

"ಅವ್ವಾ, ನಿನ್ನೆ ನೀ ಹಂಗಽ ಮರತು ತಗೊಂಡ್ಯೇನು? ಮುಂದ ಹಿಡದಾನಂತ?"

"ಮರೀತೀನೇನ ನಾ? ಎಲಿ ಅಂದ್ರ ಏನಂತ ನನಗ ಗೊತ್ತಿಲ್ಲೇನು?"

"ಮತ್ತ? ಅವ ಯಾವ ದೇಶದವ, ಯಾವ ದೇವರವ, ಮಂದಿ ಏನಂತಾರ ಅಂತ..."

ಆಯಿ ಬೇಳೆಯೊಳಗಿನ ಒಂದು ಕಲ್ಲನ್ನು ಹೆಕ್ಕಿ ಅಂಗಳಕ್ಕೆ ಒಗೆದಳು.

"ಎಲ್ಲಾ ಅಂದ್ಕೊಂಡೆ. ಆಮ್ಯಾಲ ನೀ ಬಾಗಿಲದಾಗ ನಿಂತಿದ್ದಿಯಲ್ಲ, ನಿನ್ನ ಮಾರಿ ನೋಡ್ದೆ. ನೋಡಿ, ಉಡಿ ಒಡ್ಡಿದೆ."